ಸಮುದ್ರ ಹುಲ್ಲುಗಳ ಮೇಲೆ ನೀರಿನ ಚಲನೆಯ ಪ್ರಭಾವ

ಸಮುದ್ರ ಹುಲ್ಲುಗಳು ಆಳವಿಲ್ಲದ ಕಡಲತಳದಲ್ಲಿ, ಉಪ್ಪುನೀರಿನಲ್ಲಿ ಮುಳುಗಿ ಬೆಳೆಯುವ ಹೂಬಿಡುವ ಏಕದಳ ಸಸ್ಯಗಳು. ನಿಜವಾದ ಬೇರು, ಕಾಂಡ, ಎಲೆ ಮತ್ತು ಹೂವುಗಳಿರುವುದರಿಂದ ಇವು ಕಡಲಕಳೆಗಳಿಗಿಂತ ಭಿನ್ನವಾಗಿವೆ. ಜಗತ್ತಿನಲ್ಲಿ ಇವುಗಳ ಸುಮಾರು 70 ಪ್ರಭೇದಗಳಿವೆ. ಭಾರತದಲ್ಲಿ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ ಹಾಗೂ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ಇವುಗಳ ಹುಲ್ಲುಗಾವಲುಗಳು ಕಂಡುಬರುತ್ತವೆ. ಬೆಳಕಿನಂತೆಯೇ ಅಲೆ, ಪ್ರವಾಹ ಮತ್ತು ಉಬ್ಬರವಿಳಿತಗಳೂ ಇವುಗಳ ಬೆಳವಣಿಗೆ ಹಾಗೂ ರೂಪವನ್ನು ನಿರ್ಧರಿಸುತ್ತವೆ. ನೀರಿನ ಚಲನೆ ತೀರ ಕಡಿಮೆಯಾದರೂ ತೀರ ಹೆಚ್ಚಾದರೂ ಸಸ್ಯಕ್ಕೆ ಹಾನಿಯುಂಟಾಗುತ್ತದೆ.

ಬೆಳವಣಿಗೆಯ ಮೇಲಿನ ಪರಿಣಾಮ

ನೀರಿನೊಳಗಿನ ಎಲೆಯನ್ನು ಬಹುತೇಕ ನಿಶ್ಚಲವಾದ ತೆಳು ನೀರಿನ ಪದರವೊಂದು ಆವರಿಸಿರುತ್ತದೆ. ಇದನ್ನು ಗಡಿಪದರ ಎನ್ನಲಾಗುತ್ತದೆ. ದ್ಯುತಿಸಂಶ್ಲೇಷಣೆಗೆ ಬೇಕಾದ ಇಂಗಾಲ ಮತ್ತು ಇತರ ಪೋಷಕಾಂಶಗಳು ಈ ಪದರವನ್ನು ವಿಸರಣೆಯಿಂದ ಮಾತ್ರ ದಾಟಬಲ್ಲವು. ಹರಿವು ಮಂದವಾದಾಗ ಪದರವು ದಪ್ಪವಾಗಿ ಪೂರೈಕೆ ಕುಗ್ಗುತ್ತದೆ; ಹರಿವು ಹೆಚ್ಚಿದಂತೆ ಪದರವು ತೆಳುವಾಗಿ ಹೀರಿಕೆ ಸುಲಭವಾಗುತ್ತದೆ. ಒಂದು ಮಟ್ಟವನ್ನು ಮೀರಿದ ಮೇಲೆ ಎಲೆಯ ಒಳಗಿನ ರಾಸಾಯನಿಕ ಕ್ರಿಯೆಗಳ ವೇಗವೇ ಮಿತಿಯಾಗುವುದರಿಂದ, ಹರಿವು ಇನ್ನಷ್ಟು ಹೆಚ್ಚಿದರೂ ಪ್ರಯೋಜನವಿರುವುದಿಲ್ಲ.

ನಿಂತ ನೀರಿನಲ್ಲಿ ಇನ್ನೊಂದು ಅಪಾಯವಿದೆ. ನುಣುಪಾದ ಕೆಸರು ಮತ್ತು ಕೊಳೆಯುವ ಜೈವಿಕ ವಸ್ತುಗಳು ತಳದಲ್ಲಿ ಸಂಗ್ರಹವಾದಾಗ ಅಲ್ಲಿ ಆಮ್ಲಜನಕ ಕಡಿಮೆಯಾಗಿ, ಬೇರುಗಳಿಗೆ ವಿಷಕಾರಿಯಾದ ಹೈಡ್ರೋಜನ್ ಸಲ್ಫೈಡ್ ಉತ್ಪತ್ತಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಪ್ರಬಲ ಅಲೆಗಳು ಮರಳನ್ನು ಕೊಚ್ಚಿ ಬೇರುಗಳನ್ನು ಬಯಲುಮಾಡುತ್ತವೆ, ಎಳೆಯ ಸಸಿಗಳನ್ನು ಕೀಳುತ್ತವೆ ಮತ್ತು ಹೂಳನ್ನು ಕದಡಿ ಬೆಳಕನ್ನು ತಡೆಯುತ್ತವೆ.

ರೂಪದ ಮೇಲಿನ ಪರಿಣಾಮ

ಹೆಚ್ಚಿನ ಪ್ರಭೇದಗಳ ಎಲೆಗಳು ಪಟ್ಟಿಯಂತೆ ಬಾಗುವ ಗುಣವುಳ್ಳವು. ಹರಿವಿನ ದಿಕ್ಕಿಗೆ ಬಾಗಿ ಮಲಗುವುದರಿಂದ ಅವುಗಳ ಮೇಲಿನ ಸೆಳೆತ ಕಡಿಮೆಯಾಗುತ್ತದೆ. ಮರಳಿನಡಿಯಲ್ಲಿ ಅಡ್ಡಲಾಗಿ ಹರಡುವ ಬೇರುಕಾಂಡಗಳು ಸಸ್ಯವನ್ನು ನೆಲಕ್ಕೆ ಬಿಗಿಯುತ್ತವೆ. ಶಾಂತ ನೀರಿನಲ್ಲಿ ಹುಲ್ಲುಗಾವಲು ಸಾಮಾನ್ಯವಾಗಿ ಅಖಂಡವಾಗಿ ಹರಡಿದರೆ, ಅಲೆ ಅಥವಾ ಪ್ರವಾಹದ ಹೊಡೆತ ಹೆಚ್ಚಿರುವಲ್ಲಿ ಬಿಡಿಬಿಡಿ ತೇಪೆಗಳಾಗಿ, ದಿಬ್ಬಗಳಾಗಿ ಒಡೆದಿರುತ್ತದೆ.

ಮೆಡಿಟರೇನಿಯನ್ ಸಮುದ್ರದ ಪೊಸಿಡೋನಿಯಾ ಓಷಿಯಾನಿಕಾ ಇದಕ್ಕೆ ಉತ್ತಮ ಉದಾಹರಣೆ. ತಿಳಿನೀರಿನಲ್ಲಿ ಇದು ಸುಮಾರು 40 ಮೀಟರ್ ಆಳದವರೆಗೂ ಬೆಳೆಯುತ್ತದೆ. ಅದರ ಕೆಳಗಿನ ಎಲ್ಲೆಯನ್ನು ಮುಖ್ಯವಾಗಿ ಬೆಳಕು ನಿರ್ಧರಿಸಿದರೆ, ದಡದ ಕಡೆಯ ಎಲ್ಲೆಯನ್ನು ಮುಖ್ಯವಾಗಿ ಅಲೆಗಳ ಹೊಡೆತ ನಿರ್ಧರಿಸುತ್ತದೆ.

ನೀರಿನ ಮೇಲೆ ಹುಲ್ಲಿನ ಪ್ರಭಾವ

ಈ ಸಂಬಂಧವು ಏಕಮುಖವಲ್ಲ. ದಟ್ಟವಾದ ಎಲೆಗಳು ಹರಿವನ್ನು ತಗ್ಗಿಸುತ್ತವೆ. ತೇಲುವ ಹೂಳು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಹೆಚ್ಚು ಬೆಳಕು ದೊರೆತು ಹುಲ್ಲು ಇನ್ನಷ್ಟು ಬೆಳೆಯುತ್ತದೆ. ಹುಲ್ಲು ನಾಶವಾದರೆ ಇದೇ ಸರಪಳಿ ಹಿಮ್ಮುಖವಾಗುತ್ತದೆ.

ಅಮೆರಿಕದ ವರ್ಜೀನಿಯಾದ ಕರಾವಳಿ ಲಗೂನುಗಳಲ್ಲಿ 1930ರ ದಶಕದ ರೋಗ ಮತ್ತು 1933ರ ಚಂಡಮಾರುತದಿಂದ ಝೋಸ್ಟೆರಾ ಮರೀನಾ ಎಂಬ ಹುಲ್ಲು ಅಳಿದುಹೋಯಿತು. ಅದನ್ನು ಆಶ್ರಯಿಸಿದ್ದ ಸ್ಕ್ಯಾಲಪ್ ಚಿಪ್ಪುಜೀವಿಗಳೂ ಇಲ್ಲವಾಗಿ ಅವುಗಳ ಮೀನುಗಾರಿಕೆ ನಿಂತಿತು. ಸಮೀಪದಲ್ಲಿ ಬೀಜದ ಮೂಲ ಉಳಿಯದಿದ್ದುದರಿಂದ ದಶಕಗಳವರೆಗೆ ಹುಲ್ಲು ಮರಳಲಿಲ್ಲ. ಸುಮಾರು 2000ದಿಂದೀಚೆಗೆ 7 ಕೋಟಿಗೂ ಹೆಚ್ಚು ಬೀಜಗಳನ್ನು ಬಿತ್ತಿದ ಫಲವಾಗಿ, ಎರಡು ದಶಕಗಳಲ್ಲಿ ಅದು ಸುಮಾರು 3,600 ಹೆಕ್ಟೇರ್‌ಗಳಿಗೆ ಹರಡಿತು. ಹುಲ್ಲು ಹರಡಿದಂತೆ ಅಲ್ಲಿನ ನೀರೂ ತಿಳಿಯಾಯಿತು.

ಪುನಃಸ್ಥಾಪನೆಯಲ್ಲಿ ಮಹತ್ವ

ಪ್ರೌಢ ಹುಲ್ಲುಗಾವಲು ತಾಳಿಕೊಳ್ಳುವ ಅಲೆಗಳನ್ನು ಬಯಲಿನಲ್ಲಿ ನೆಟ್ಟ ಬಿಡಿ ಸಸಿಗಳು ತಾಳಲಾರವು. ಆದ್ದರಿಂದ ಹುಲ್ಲನ್ನು ಮತ್ತೆ ಬೆಳೆಸಲು ಸ್ಥಳವನ್ನು ಆಯುವಾಗ ಬೆಳಕು ಮತ್ತು ಆಳದ ಜೊತೆಗೆ ಅಲೆ ಹಾಗೂ ಪ್ರವಾಹಗಳ ಬಲವನ್ನೂ ಪರಿಗಣಿಸಬೇಕಾಗುತ್ತದೆ. ಹೂಳೆತ್ತುವಿಕೆ ಮತ್ತು ತಡೆಗೋಡೆಗಳ ನಿರ್ಮಾಣವು ನೀರಿನ ಹರಿವನ್ನು ಬದಲಿಸುವುದರಿಂದ, ನೇರವಾಗಿ ಸ್ಪರ್ಶಿಸದ ಹುಲ್ಲುಗಾವಲುಗಳಿಗೂ ಅವು ಹಾನಿ ಮಾಡಬಲ್ಲವು.