ಮರ, ಕಬ್ಬಿಣ, ಅಗಸೆ ಎಣ್ಣೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಾಲೇಜುಗಳಲ್ಲಿ ಎನ್‌ಸಿಸಿಗೆ ಸೇರಿದ್ದ ಹಳಬರನ್ನು ಮೊದಲು ಹೆಗಲಿಗೇರಿಸಿದ ಬಂದೂಕು ಯಾವುದೆಂದು ಕೇಳಿ ನೋಡಿ. ‘ತ್ರೀ ನಾಟ್ ತ್ರೀ’ ಎಂದೇ ಬಹುತೇಕರು ಹೇಳುತ್ತಾರೆ. ಕವಾಯತಿಗೆಂದೇ ಗುಂಡು ಹಾರದಂತೆ ಮಾಡಿದ ಈ ಡಿ.ಪಿ. (ಡ್ರಿಲ್ ಪರ್ಪಸ್) ರೈಫಲ್ಲು ಒಂದು ಕಾಲದ ಯುದ್ಧದ ಆಯುಧ. ಸುಮಾರು ನಾಲ್ಕು ಕಿಲೋ ತೂಕ. ಪೆರೇಡ್ ಮುಗಿಯುವಷ್ಟರಲ್ಲಿ ಹೆಗಲಿನ ಮೂಳೆಗೆ ಅದರ ಗುರುತು ಹತ್ತಿರುತ್ತದೆ.

ಇದರ ಮೂಲ 1907ರ ಲೀ-ಎನ್‌ಫೀಲ್ಡ್. ಮ್ಯಾಗಜೀನಿನಲ್ಲಿ 10 ಗುಂಡು. ಪ್ರತಿ ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕು. ಬಂಗಾಳದ ಈಶಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ಇದು ದಶಕಗಳ ಕಾಲ ತಯಾರಾಯಿತು. 1962ರ ಯುದ್ಧದ ನಂತರ ಸೇನೆ ತಾನಾಗಿ ಗುಂಡು ತುಂಬಿಕೊಳ್ಳುವ ಎಸ್‌ಎಲ್‌ಆರ್‌ಗೆ ಬದಲಾದಾಗ ಹಳೆಯವು ಪೊಲೀಸರಿಗೂ ಎನ್‌ಸಿಸಿಗೂ ಇಳಿದು ಬಂದವು. ಇಷ್ಟು ಕಾಲ ಅವು ಬಾಳಿದ್ದು ಉಕ್ಕಿನ ಗಟ್ಟಿತನದಿಂದ ಮಾತ್ರವಲ್ಲ, ‘ಬೆಲ್ ಆಫ್ ಆರ್ಮ್ಸ್’ ಎಂದು ಪೊಲೀಸರು ಕರೆಯುವ ಶಸ್ತ್ರಾಗಾರದಲ್ಲಿ ತಲೆ ತಗ್ಗಿಸಿ ಕೂತ ಆರ್ಮರರ್‌ಗಳ ಕೈಗುಣದಿಂದಲೂ. ಆಯುಧಪೂಜೆಯ ಹೂ-ಕುಂಕುಮ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದರ ಹಿಂದಿನ ಕೆಲಸವೂ ಕಾಣಬೇಕು.

ಬಿಚ್ಚುವ ಕ್ರಮ ಮೊದಲ ಪಾಠ. ಕ್ಯಾಂಪಿನಲ್ಲಿ ಉಸ್ತಾದರು ಅದನ್ನು ‘ಖೋಲ್ನಾ-ಜೋಡ್ನಾ’ ಎಂದೇ ಕಲಿಸುತ್ತಾರೆ. ಬಂದೂಕು ಖಾಲಿಯೆಂದು ಕಣ್ಣಲ್ಲಿ ನೋಡಿ, ಬೆರಳಿಟ್ಟು ಖಾತ್ರಿ ಮಾಡಿಕೊಂಡು, ಮ್ಯಾಗಜೀನ್ ಕಳಚಬೇಕು. ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಅದರ ತಲೆಯನ್ನು ಮೇಲಕ್ಕೆ ತಿರುವಿದರೆ ಹೊರಬರುತ್ತದೆ. ಬೋಲ್ಟಿನ ಮೇಲೊಂದು ನಂಬರ್, ಬಂದೂಕಿನ ಮೈಮೇಲೂ ಅದೇ ನಂಬರ್. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಹಾಕಿದರೆ ತೋಟೆಯ ಹಿಂದೆ ಬೇಕಾದಷ್ಟು ಬಿಗಿ ಸಿಗದೆ, ಗುಂಡು ಹಾರಿಸಿದವನ ಮುಖಕ್ಕೇ ಅಪಾಯ.

ಕೆಡೆಟ್ಟಿನ ಕೆಲಸ ಅಲ್ಲಿಗೆ ಮುಗಿಯಿತು. ಮರ ಬಿಚ್ಚುವುದು ಆರ್ಮರರ್ ಪಾಲಿಗೆ ಸೇರಿದ್ದು, ಅದಕ್ಕೆ ಕಾರಣವೂ ಇದೆ. ಹಿಂದಿನ ಬಟ್ಟನ್ನು ಹಿಡಿದಿರುವ ಉದ್ದದ ಬೋಲ್ಟಿನ ತುದಿ ಚೌಕಾಕಾರದ್ದು. ಅದು ಮುಂದಿನ ಮರದೊಳಗಿನ ತಗಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ತೆಗೆಯದೆ ಆ ಬೋಲ್ಟ್ ತಿರುಗಿಸಿದರೆ ‘ಟಕ್’ ಎಂದು ಮರ ಸೀಳುತ್ತದೆ. ನೂರು ವರ್ಷ ಬಾಳಿದ್ದು ಒಂದು ಆತುರದ ತಿರುವಿಗೆ ಹಾಳು.

ನಳಿಕೆಯ ಶುದ್ಧಿ ಇನ್ನೂ ಸೂಕ್ಷ್ಮ. ಹಳೆಯ ತೋಟೆಗಳ ಕ್ಯಾಪಿನ ಮದ್ದು ನಳಿಕೆಯೊಳಗೆ ಉಪ್ಪು ಬಿಡುತ್ತಿತ್ತು. ಉಪ್ಪು ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ. ಆದ್ದರಿಂದ ಮೊದಲು ಕುದಿಯುವ ನೀರು ಸುರಿಯಬೇಕು, ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ. ‘ಪುಲ್‌ಥ್ರೂ’ ಎಂಬ ಹುರಿಯ ಒಂದು ತುದಿಯಲ್ಲಿ ಹಿತ್ತಾಳೆಯ ತೂಕ, ಇನ್ನೊಂದು ತುದಿಯ ಕುಣಿಕೆಯಲ್ಲಿ ಬಟ್ಟೆಯ ಚಿಂದಿ. ತೂಕವನ್ನು ಹಿಂದಿನಿಂದ ಇಳಿಬಿಟ್ಟು, ಒಂದೇ ಉಸಿರಿಗೆ ನೇರವಾಗಿ ಎಳೆಯಬೇಕು. ಹುರಿ ಓರೆಯಾಗಿ ಉಜ್ಜುತ್ತಾ ಹೋದರೆ ವರ್ಷಗಳಲ್ಲಿ ನಳಿಕೆಯ ಬಾಯಿಯೇ ಸವೆದು ಗುರಿ ತಪ್ಪುತ್ತದೆ. ಈ ಹುರಿ, ಎಣ್ಣೆಬುಡ್ಡಿ ಎರಡಕ್ಕೂ ಬಟ್ಟಿನ ಹಿತ್ತಾಳೆ ಮುಚ್ಚಳದ ಹಿಂದೆಯೇ ಜಾಗವಿದೆ. ಎಂಥ ಅಚ್ಚುಕಟ್ಟು!

ಮರಕ್ಕೆ ಅಗಸೆ ಎಣ್ಣೆ. ನಮ್ಮ ಬಡಗಿಗಳ ಬಾಯಲ್ಲಿ ಲಿನ್ಸೀಡ್. ಅಂಗೈ ಬಿಸಿಯಾಗುವವರೆಗೆ ತಿಕ್ಕಿ, ಒಂದು ದಿನ ಬಿಟ್ಟು ಮತ್ತೆ ತಿಕ್ಕಬೇಕು. ಮಿರಮಿರ ಮಿಂಚಲೆಂದು ವಾರ್ನಿಷ್ ಬಳಿದವುಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಮರಿ ಪೇಪರ್ ಅದಕ್ಕಿಂತ ಕೆಟ್ಟದ್ದು. ಬ್ರಿಟಿಷರ ಕಾಲದವಕ್ಕೆ ಕಿರೀಟದ ಕೆಳಗೆ ‘ಜಿ.ಆರ್.ಐ.’, ಸ್ವಾತಂತ್ರ್ಯದ ನಂತರದವಕ್ಕೆ ಅಶೋಕನ ಸಿಂಹಗಳು, ತಯಾರಾದ ಇಸವಿ ಹೀಗೆ ಬಂದೂಕಿನ ಚರಿತ್ರೆಯೆಲ್ಲ ಅದರ ಮೈಮೇಲಿನ ಮುದ್ರೆಗಳಲ್ಲಿದೆ. ಹೊಳಪಿನ ಆಸೆಗೆ ಉಜ್ಜಿದರೆ ಮೊದಲು ಅಳಿಯುವುದು ಅವೇ.

ವಿದೇಶಗಳಲ್ಲಿ ಇಂಥವನ್ನು ಸಂತೆಯಲ್ಲಿ ಕೊಂಡು ಮನೆಯಲ್ಲೇ ದುರಸ್ತಿ ಮಾಡುವ ಹವ್ಯಾಸಿಗಳಿದ್ದಾರೆ. ನಮ್ಮಲ್ಲಿ .303 ಸೇನೆ-ಪೊಲೀಸರ ಬೋರ್. ಸಾಮಾನ್ಯರಿಗೆ ಅದರ ಪರವಾನಗಿ ಸಿಗುವುದು ದುರ್ಲಭ. ಸಾರ್ವಜನಿಕರಿಗೆಂದು ಸರ್ಕಾರಿ ಕಾರ್ಖಾನೆ ಮಾಡಿದ್ದು .315. ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳಲು ಕೊಡವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯುಂಟು. ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಕುಲದ ಮನೆಗಳಲ್ಲಿ, ತೋಕುಗಳನ್ನು (ಬಂದೂಕುಗಳನ್ನು) ಒರೆಸಿ, ‘ತೋಕ್ ಪೂ’ ಎಂಬ ಹೂ ಮುಡಿಸಿ ಪೂಜೆಗಿಡುತ್ತಾರೆ.

ಅಜ್ಜನ ಕಾಲದ ಪರವಾನಗಿ ಬಂದೂಕು ಮನೆಯಲ್ಲಿದ್ದರೆ ಒರೆಸುವುದು, ಎಣ್ಣೆ ಹಚ್ಚುವುದು ನಿಮ್ಮ ಕೆಲಸವೇ. ಸೀಳಿದ ಮರ, ಸಡಿಲ ಬೋಲ್ಟ್, ತುಕ್ಕು ತಿಂದ ನಳಿಕೆಗೆ ಮಾತ್ರ ಪರವಾನಗಿಯಿರುವ ರಿಪೇರಿಯವರಲ್ಲಿಗೇ ಹೋಗಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ದುರಸ್ತಿಯ ಕಸುಬಿಗೂ ಪರವಾನಗಿ ಕೇಳುತ್ತದೆ. ಹೋದಾಗ ಒಂದು ಮಾತು ಹೇಳಿ ಬನ್ನಿ: ಮುದ್ರೆಗಳ ಮೇಲೆ ಬಫ್ ಓಡಿಸಬೇಡಿ, ಮರಕ್ಕೆ ವಾರ್ನಿಷ್ ಬೇಡ.