ಪುಂಡಿಪಲ್ಯದ ಪಕ್ಕಕ್ಕೆ ಬಿಳಿ ವೈನ್

ಬಿಳಿ ವೈನಿಗೆ ಯಾವ ತಿನಿಸು ಹೊಂದುತ್ತದೆ ಎಂದು ಕೇಳಿದರೆ ಪುಸ್ತಕಗಳು ಚೀಸು, ಸಿಗಡಿ, ಬೆಣ್ಣೆಯಲ್ಲಿ ಬೇಯಿಸಿದ ಕೋಳಿ ಎನ್ನುತ್ತವೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ತಾಟಿನಲ್ಲಿ ಇರುವುದು ಜೋಳದ ರೊಟ್ಟಿ, ಪುಂಡಿಪಲ್ಯ, ಎಣಗಾಯಿ, ಝುಣಕ, ಶೇಂಗಾ ಹಿಂಡಿ, ಮೇಲೊಂದು ಹಸಿ ಉಳ್ಳಾಗಡ್ಡಿ. ಇಲ್ಲಿನ ಬಹಳಷ್ಟು ಮನೆಗಳಲ್ಲಿ ವೈನಿಗೆ ಜಾಗವಿಲ್ಲ, ಇರಲೇಬೇಕೆಂದೂ ಇಲ್ಲ. ಕುಡಿಯುವ ರೂಢಿ ಇದ್ದವರು ಮಾತ್ರ ಈ ತಾಟನ್ನು ಬದಿಗಿಟ್ಟು ಬೇರೆ ಅಡುಗೆ ಹುಡುಕಬೇಕಾಗಿಲ್ಲ.

ಬಿಳಿ ವೈನಿನ ಜೀವಾಳ ಹುಳಿ. ದ್ರಾಕ್ಷಿಯ ಮುಖ್ಯ ಆಮ್ಲ ಟಾರ್ಟಾರಿಕ್. ನಮ್ಮ ಹುಣಸೆಹಣ್ಣಿನ ಹುಳಿಯೂ ಬಹುಪಾಲು ಅದೇ. ಹಾಗಾಗಿ ಬ್ಯಾಳಿಗೆ ಹುಣಸೆ ಹಿಂಡಿದ ನಾಲಿಗೆಗೆ ಈ ರುಚಿ ಹೊಸದಲ್ಲ. ನೆನಪಿಡಬೇಕಾದ್ದು ಇಷ್ಟು: ಊಟಕ್ಕಿಂತ ವೈನಿನ ಹುಳಿ ಕಡಿಮೆಯಾಗಬಾರದು. ಪುಂಡಿಪಲ್ಯದಂಥ ಖಡಕ್ ಹುಳಿ ತಿಂದು ಮೆತ್ತಗಿನ ವೈನ್ ಕುಡಿದರೆ ಅದು ಸಪ್ಪೆ ನೀರು. ಅದಕ್ಕೆ ಸೊವಿನ್ಯೊನ್ ಬ್ಲಾಂಕ್ ಎಂಬ ತಳಿಯ ವೈನೇ ಬೇಕು. ಚುರುಕು ಹುಳಿ, ಹಸಿ ಸೊಪ್ಪಿನ ವಾಸನೆ ಎರಡೂ ಅದಕ್ಕಿವೆ. ನಾಸಿಕದ ಸುಲಾ ಕಂಪನಿ 2000ರಲ್ಲಿ ಮೊದಲು ಮಾರುಕಟ್ಟೆಗೆ ತಂದ ವೈನುಗಳಲ್ಲಿ ಇದೂ ಒಂದು, ಶೆನಿನ್ ಬ್ಲಾಂಕ್ ಇನ್ನೊಂದು. ಕರ್ನಾಟಕದಲ್ಲಿ ಗ್ರೋವರ್ ಕುಟುಂಬ 1988ರಿಂದಲೇ ದೊಡ್ಡಬಳ್ಳಾಪುರದ ಬಳಿ ನಂದಿ ಬೆಟ್ಟದ ತಪ್ಪಲಲ್ಲಿ ವೈನಿನ ದ್ರಾಕ್ಷಿ ಬೆಳೆಸಿತು.

ಖಾರ ಬಂದಾಗ ಲೆಕ್ಕ ಬೇರೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಸುಡುಬಿಸಿಯನ್ನು ಗುರುತಿಸುವ ನರದ ತುದಿಗಳನ್ನೇ ಕೆರಳಿಸುತ್ತದೆ. ಮದ್ಯಸಾರವೂ ಅವನ್ನೇ ಸೂಕ್ಷ್ಮಗೊಳಿಸುವುದರಿಂದ ಕೆಂಪು ಖಾರ ಹಚ್ಚಿದ ಎಣಗಾಯಿಯ ಮೇಲೆ ವೈನ್ ಸುರಿದರೆ ಉರಿ ಇಳಿಯುವುದಿಲ್ಲ, ಏರುತ್ತದೆ. ಕೆಂಪು ವೈನಿನ ಒಗರು ಇದಕ್ಕೆ ಇನ್ನೂ ಒರಟು. ಬಿಳಿ ವೈನಿಗೆ ಆ ಒಗರು ಕಡಿಮೆ, ಏಕೆಂದರೆ ಹುದುಗುವ ಮುಂಚೆಯೇ ರಸವನ್ನು ಸಿಪ್ಪೆಯಿಂದ ಬೇರ್ಪಡಿಸುತ್ತಾರೆ. ಖಾರದೂಟಕ್ಕೆ ಮದ್ಯಸಾರ ಶೇ. 12ರ ಆಸುಪಾಸಿನಲ್ಲಿರುವ, ಚೂರು ಸಿಹಿ ಉಳಿಸಿಕೊಂಡ ಶೆನಿನ್ ಬ್ಲಾಂಕ್ ತಣ್ಣಗೆ ಕೊಡಿ, 8ರಿಂದ 10 ಡಿಗ್ರಿ ಸೆಲ್ಸಿಯಸ್ ಸಾಕು. ಕಲಬುರಗಿಯ ಖಾರದ ತಹರಿಗೂ ಇದೇ. ಗುಳ್ಳೆ ಬರುವ ವೈನ್ ಮಾತ್ರ ಬೇಡ. ಗುಳ್ಳೆ ಉರಿಗೆ ಗಾಳಿ ಹಾಕಿದಂತೆ.

ಶೇಂಗಾ ಹಿಂಡಿ, ಕುಸುಬೆ ಎಣ್ಣೆ, ಮೊಸರು ಸೇರಿದರೆ ಕೆಲಸ ಹಗುರ. ಜಿಡ್ಡನ್ನು ಹುಳಿ ಕತ್ತರಿಸುತ್ತದೆ, ಉಪ್ಪು ವೈನಿನ ಚುರುಕನ್ನು ಮೆದುಗೊಳಿಸುತ್ತದೆ. ನನ್ನ ಮಟ್ಟಿಗೆ ಇಡೀ ತಾಟಿನಲ್ಲಿ ಅತ್ಯುತ್ತಮ ಜೋಡಿ ಖಟಕ ರೊಟ್ಟಿ ಮುರಿದು ಶೇಂಗಾ ಹಿಂಡಿ, ಮೊಸರು ಹಚ್ಚಿ ತಿನ್ನುವುದೇ. ಭೀಮಾ ನದಿಯ ಮೀನನ್ನು ಖಾರ ಕಡಿಮೆ ಹಾಕಿ ಹುರಿದು ನಿಂಬೆ ಹಿಂಡಿದರೆ ಅದೂ ಸಮ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಬೇಳೆಯ ಬರೀ ಉಪ್ಪು-ತುಪ್ಪದ ಬ್ಯಾಳಿಗೆ ಹಣ್ಣಿನ ವಾಸನೆಯ ಮೃದು ವೈನ್ ಸಾಕು. ಖಾರವಿಲ್ಲದ ಊಟಕ್ಕೆ ದುಬಾರಿ ಬಾಟಲಿ ತೆರೆಯುವ ಖಯಾಲಿಯೇ ತಪ್ಪು.

ಎಳ್ಳ ಅಮಾಸೆಯ ಹೊಲದೂಟಕ್ಕೆ ನಾನಂತೂ ವೈನ್ ಸೂಚಿಸುವುದಿಲ್ಲ. ಕಾಳು, ಸೊಪ್ಪು ಬೇಯಿಸಿದ ಭಜ್ಜಿಗೆ ಪಕ್ಕದಲ್ಲೇ ಅಂಬಲಿ ಇರುತ್ತದೆ, ಅದೂ ಹುದುಗಿದ ಹುಳಿಯೇ.

ಹೂರಣದ ಹೋಳಿಗೆ ಮಾತ್ರ ಹಟಮಾರಿ. ಸಿಹಿ ತಿಂದ ಬಾಯಿಗೆ ಸಿಹಿಯಿಲ್ಲದ ಬಿಳಿ ವೈನ್ ಕೆಟ್ಟ ಹುಳಿ ಎನಿಸುತ್ತದೆ. ಬಾಟಲಿಯದು ಹೋಳಿಗೆಗಿಂತ ಹೆಚ್ಚು ಸಿಹಿಯಾಗಿರಬೇಕು. ಗಿಡದ ಮೇಲೇ ಮಾಗಲು ಬಿಟ್ಟು ತಡವಾಗಿ ಕೊಯ್ದ ದ್ರಾಕ್ಷಿಯ ವೈನ್ ಅದಕ್ಕೆ ಸರಿ. ಅದು ಸಿಗದಿದ್ದರೆ ಹೋಳಿಗೆಗೆ ಹಾಲು-ತುಪ್ಪ ಹಾಕಿಕೊಳ್ಳಿ, ಬಾಟಲಿಗೆ ಮುಚ್ಚಳ ಹಾಕಿಡಿ.