ಕೈ ಸೋತರೆ ತಲೆಯತ್ತ ನೋಡಿ

‘ಲಕ್ವ ಹೊಡೆಯಿತು’ ಎನ್ನುವುದು ಮನೆಮಾತು. ಪುಸ್ತಕದ ಮಾತಿನಲ್ಲಿ ಅದು ‘ಪಾರ್ಶ್ವವಾಯು’. ಮೈಯ ಒಂದು ಪಕ್ಕಕ್ಕೆ ವಾಯು ಹಿಡಿಯಿತು ಎಂದು ಇದರ ಅರ್ಥ. ಹೆಸರೇ ಹೀಗಿರುವಾಗ ಮನೆಮಂದಿ ಸೋತ ಕೈಗೆ ಬಿಸಿ ಎಣ್ಣೆ ತಿಕ್ಕುತ್ತ ಕೂತರೆ ಆಶ್ಚರ್ಯವೇನು? ಆದರೆ ಕಾಯಿಲೆ ಇರುವುದು ಕೈಯಲ್ಲಲ್ಲ, ತಲೆಯೊಳಗೆ. ಅದು ಹೇಗೆಂದು ತಿಳಿಯಲು ನಮ್ಮ ನರಮಂಡಲದ ಏರ್ಪಾಟನ್ನು ಸ್ವಲ್ಪ ನೋಡಬೇಕು.

ಆಜ್ಞೆ ಸಾಗುವ ಹಾದಿ

ಕಾಫಿ ಲೋಟ ಎತ್ತಿಕೊಳ್ಳಲು ನೀವು ಬಲಗೈ ಚಾಚುತ್ತೀರಿ ಎನ್ನಿ. ಆಜ್ಞೆ ಹೊರಡುವುದು ಮಿದುಳಿನ ಎಡ ಅರ್ಧದಿಂದ. ನರತಂತುಗಳಲ್ಲಿ ವಿದ್ಯುತ್ ಸಂಕೇತವಾಗಿ ಅದು ಕೆಳಗಿಳಿಯುತ್ತದೆ. ಮಿದುಳು ಬೆನ್ನುಹುರಿಯಾಗಿ ಮುಂದುವರಿಯುವ ಜಾಗದಲ್ಲಿ ಹೆಚ್ಚಿನ ತಂತುಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟಿಕೊಳ್ಳುತ್ತವೆ. ಬೆನ್ನುಹುರಿಯಲ್ಲಿ ಇನ್ನೊಂದು ನರಕೋಶ ಆಜ್ಞೆಯನ್ನು ಪಡೆದು ತೋಳಿನ ಸ್ನಾಯುವಿಗೆ ಮುಟ್ಟಿಸುತ್ತದೆ. ಇಷ್ಟೆಲ್ಲ ಕಣ್ಣುಮಿಟುಕಿಸುವಷ್ಟರಲ್ಲಿ!

ಆದ್ದರಿಂದಲೇ ಎಡ ಮಿದುಳಿಗೆ ಪೆಟ್ಟಾದರೆ ಬಲಗೈ, ಬಲಗಾಲು ಸೋಲುತ್ತವೆ. ಸ್ನಾಯು, ಮೂಳೆ ಎಲ್ಲ ಸರಿಯಾಗಿಯೇ ಇರುತ್ತವೆ. ಅಪ್ಪಣೆ ಮಾತ್ರ ಬರುವುದಿಲ್ಲ.

ಬಲಗೈ ಸೋತವರಲ್ಲಿ ಹಲವರಿಗೆ ಮಾತೂ ನಿಲ್ಲುವುದುಂಟು. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ಒಬ್ಬ ರೋಗಿಯನ್ನು ಕಂಡ. ಆತನ ಬಾಯಿಂದ ಹೊರಡುತ್ತಿದ್ದುದು ಹೆಚ್ಚುಕಡಿಮೆ ‘ಟಾನ್’ ಎಂಬ ಒಂದೇ ಸದ್ದು. ಆತ ಸತ್ತ ಮೇಲೆ ನೋಡಿದರೆ ಮಿದುಳಿನ ಎಡ ಮುಂಭಾಗ ಹಾಳಾಗಿತ್ತು. ಬಹುಪಾಲು ಜನರಲ್ಲಿ ಮಾತಿನ ನೆಲೆ ಎಡ ಮಿದುಳಿನಲ್ಲಿಯೇ.

ಕಣಜವಿಲ್ಲದ ಮನೆ

ವಯಸ್ಕರ ಮಿದುಳಿನ ತೂಕ ಸುಮಾರು 1,400 ಗ್ರಾಂ. ದೇಹದ ತೂಕದಲ್ಲಿ ಇದು ನೂರಕ್ಕೆ 2 ಪಾಲು. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಇದಕ್ಕೇ ಬೇಕು. ಕೂಡಿಟ್ಟುಕೊಳ್ಳಲು ಕಣಜವಿಲ್ಲ, ರಕ್ತ ತಂದುಕೊಟ್ಟರಷ್ಟೇ ಬದುಕು.

ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಅಥವಾ ನಾಳವೇ ಒಡೆದರೆ ಲಕ್ವ. ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ದೊಡ್ಡ ನಾಳವೊಂದು ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು 2006ರಲ್ಲಿ ಪ್ರಕಟವಾದ ಲೆಕ್ಕಾಚಾರ.

ನಾಲ್ಕೂವರೆ ಗಂಟೆ

ಹೆಪ್ಪು ಕರಗಿಸುವ ಔಷಧಿ ಇದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಅದನ್ನು ಕೊಡಬೇಕು. ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ದೊಡ್ಡ ಹೆಪ್ಪನ್ನು ನಾಳದೊಳಗೆ ತೆಳುವಾದ ಕೊಳವೆ ತೂರಿಸಿ ತೆಗೆಯುವುದೂ ಉಂಟು. ಆದರೆ ನಾಳ ಒಡೆದಿದ್ದರೆ ಅದೇ ಔಷಧಿ ಪ್ರಾಣಕ್ಕೆ ಕುತ್ತು. ಹೆಪ್ಪೋ ರಕ್ತಸ್ರಾವವೋ ಎಂದು ಹೇಳಬಲ್ಲದ್ದು ಸ್ಕ್ಯಾನ್ ಮಾತ್ರ. ಹಾಗಾಗಿ ಮನೆಯಲ್ಲಿ ಆಸ್ಪಿರಿನ್ ನುಂಗಿಸುವುದೂ ಸಲ್ಲದು.

ಗುರುತಿಸುವುದು ಕಷ್ಟವಲ್ಲ. ನಗಲು ಹೇಳಿ, ಬಾಯಿ ಒಂದು ಕಡೆ ಜೋತಿದೆಯೇ? ಎರಡೂ ಕೈ ಎತ್ತಲು ಹೇಳಿ, ಒಂದು ಕೈ ಕೆಳಗಿಳಿಯುತ್ತಿದೆಯೇ? ಮಾತಾಡಿಸಿ, ತೊದಲುತ್ತಿದ್ದಾರೆಯೇ? ಇವುಗಳಲ್ಲಿ ಒಂದು ದಿಢೀರನೆ ಕಂಡರೂ 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ವೈದ್ಯರಿಗೆ ತಿಳಿಸಿ. ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ ನೀರು, ಕಾಫಿ ಏನೂ ಕುಡಿಸಬೇಡಿ. ಲಕ್ಷಣ ಹತ್ತು ನಿಮಿಷದಲ್ಲಿ ಮಾಯವಾದರೂ ಸುಮ್ಮನಿರಬೇಡಿ; ಮುಂದೆ ಬರುವ ದೊಡ್ಡ ಪೆಟ್ಟಿನ ಮುನ್ಸೂಚನೆ ಅದಾಗಿರಬಹುದು.

ಹಾಗಾದರೆ ಸೋತ ಕೈಗೆ ಆರೈಕೆ ಬೇಡವೇ? ಬೇಕು. ಆಸ್ಪತ್ರೆಯ ಚಿಕಿತ್ಸೆ ಆದ ಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದರೆ, ಉಳಿದ ನರಕೋಶಗಳು ಹೊಸ ಸಂಪರ್ಕ ಬೆಳೆಸಿಕೊಂಡು ಸತ್ತವುಗಳ ಕೆಲಸವನ್ನು ಒಂದಷ್ಟು ಕಲಿಯುತ್ತವೆ. ಕೈಯ ಸರದಿ ಆಮೇಲೆ. ಮೊದಲ ಗಂಟೆಗಳು ಮಿದುಳಿಗೇ ಮೀಸಲು.